ಎಂಟು ಗಂಟೆ ಐದು ನಿಮಿಷ

ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದ ರಾಯಚೂರಿನ ಹುಡುಗ ರಾತ್ರಿ 8.05ಕ್ಕೆ ಕೋಡ್‌ಫೋರ್ಸಸ್ ಸ್ಪರ್ಧೆಗೆ ಕೂತರೆ ಊಟ ಮರೆಯುತ್ತಿದ್ದ. ರೇಟಿಂಗ್ 1600 ಮುಟ್ಟಿ ‘ಎಕ್ಸ್‌ಪರ್ಟ್’ ಆದ ದಿನ ಊರಿಗೆ ಫೋನ್ ಮಾಡಿದ. “ಪಗಾರ ಎಷ್ಟು ಕೊಡ್ತಾರಪ್ಪ?” ಎಂದರು ಅಪ್ಪ.

ಮೊದಲ ಸಂದರ್ಶನದಲ್ಲಿ ಲೆಕ್ಕ ಹತ್ತೇ ನಿಮಿಷಕ್ಕೆ ಬಿಡಿಸಿದ. “ಈ ದಾರಿಯೇ ಯಾಕೆ?” ಎಂದಾಗ ಬಾಯಿ ಕಟ್ಟಿತು. ಸ್ಪರ್ಧೆಯಲ್ಲಿ ಯಂತ್ರ ಉತ್ತರ ನೋಡುತ್ತದೆ, ಕಾರಣ ಕೇಳುವುದಿಲ್ಲ. ಕೆಲಸ ಸಿಗಲಿಲ್ಲ.

ಅಂದಿನಿಂದ ಕೋಣೆಯ ಗೆಳೆಯನಿಗೆ ದಿನಕ್ಕೊಂದು ಲೆಕ್ಕ ಬಿಡಿಸಿ ಹೇಳತೊಡಗಿದ. ಮೂರನೇ ಸಂದರ್ಶನ ದಾಟಿತು.

ಗೂಗಲ್‌ನ ಪೀಟರ್ ನಾರ್ವಿಗ್ ಒಮ್ಮೆ ಹೇಳಿದ್ದರು, ಸ್ಪರ್ಧೆ ಗೆದ್ದವರಿಗೆ ಆತುರದ ಅಭ್ಯಾಸ, ಕೆಲಸಕ್ಕೆ ನಿಧಾನ ಬೇಕು ಎಂದು. ಆಫೀಸಿನಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ಯಾರೋ ಬರೆದಿಟ್ಟ ಹಳೆಯ ಕೋಡ್. ಅದನ್ನು ಓದಿದ್ದಕ್ಕೆ ರೇಟಿಂಗ್ ಇಲ್ಲ. ಆದರೆ ತಪ್ಪು ಹುಡುಕುತ್ತ ಎರಡು ಗಂಟೆ ಅಲುಗದೆ ಕೂರುವುದು ಅವನಿಗೆ ರೂಢಿಯಾಗಿತ್ತು.