ಅಟ್ಟದ ಹೊಗೆ

ಕಳೆದ ಆಷಾಢದಲ್ಲಿ ಕುಪ್ಪಳ್ಳಿ ಹತ್ತಿರದ ನಮ್ಮನೆಗೆ ಬಂದ ದೊಡ್ಡಪ್ಪನ ಮಗ ಬ್ಯಾಗಿನಿಂದ ಲಾಗವುಲಿನ್ ಬಾಟಲಿ ತೆಗೆದ. ಐಲಾ ದ್ವೀಪದ ಸಿಂಗಲ್ ಮಾಲ್ಟ್, 16 ವರ್ಷ ಓಕ್ ಪೀಪಾಯಿಯಲ್ಲಿ ಮಲಗಿದ್ದು. ಜಗಲಿಯ ಮೂಲೆಯಲ್ಲಿ ಕದ್ದು ಕೂತೆವು. ನಮ್ಮನೆಯಲ್ಲಿ ಬಾಟಲಿ ಎಂದರೆ ಅಜ್ಜ ಕುಡಿದು ಕಳೆದ ಎರಡೆಕರೆ ಅಡಿಕೆ ತೋಟ.

ಮೊದಲು ಮೂಗಿಗೆ ಬಡಿದದ್ದು ಟಿಂಚರ್ ವಾಸನೆ. ನಾಲ್ಕು ಹನಿ ನೀರು ಬಿಟ್ಟ ಮೇಲೆ ಹೊಗೆ, ಉಪ್ಪು, ಕೊನೆಗೆ ಸುಟ್ಟ ಬೆಲ್ಲದಂಥ ಸಿಹಿ. ಅಲ್ಲಿ ಮೊಳಕೆ ಬಂದ ಬಾರ್ಲಿ ಒಣಗಿಸಲು ಪೀಟ್ ಉರಿಸುತ್ತಾರೆ; ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಪಾಚಿ, ಹುಲ್ಲು ಅದು. ಕಾಳಿಗೆ ಹತ್ತಿದ ಆ ಹೊಗೆ ಇಷ್ಟು ವರ್ಷವಾದರೂ ಬಿಟ್ಟಿರಲಿಲ್ಲ.

ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ದೇವತೆಗಳ ಪಾಲು ಅನ್ನುತ್ತಾರಂತೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2. ಬೆಂಗಳೂರಿನ ಸೆಕೆಗೆ 10ಕ್ಕೂ ಮೇಲೆ. ಅದಕ್ಕೇ ನಮ್ಮ ಅಮೃತ್ ನಾಲ್ಕೈದು ವರ್ಷಕ್ಕೇ ಬಾಟಲಿ ಸೇರುತ್ತದೆ. 2004ರಲ್ಲಿ ಆ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ತೀರ್ಥಹಳ್ಳಿಯವರಿಗೆ ಅಡಿಕೆ ಮಾರಿದ ಹಾಗೆ!

ಅಷ್ಟರಲ್ಲಿ ಅಜ್ಜಿ ಬಂದಳು. ಉಗಿಯುತ್ತಾಳೆ ಅಂದುಕೊಂಡೆ. ಲೋಟ ಎತ್ತಿ ಮೂಸಿದಳು.

“ಹಳೇ ಅಡಿಗೆಮನೆ ಅಟ್ಟದ ವಾಸ್ನೆ ಮಾರಾಯ.”

ಆ ಅಟ್ಟ ಕಿತ್ತು, ಗ್ಯಾಸ್ ಒಲೆ ಬಂದು ಹನ್ನೆರಡು ವರ್ಷವಾಯಿತು. ಅಜ್ಜಿ ಮತ್ತೊಮ್ಮೆ ಮೂಸಿದಳು.

“ನಿಮ್ಮಜ್ಜ ಕುಡಿದು ಬಂದಾಗ ಈ ವಾಸ್ನೆ ಇರ್ತಿರ್ಲಿಲ್ಲ.”

ಮುಚ್ಚಳವನ್ನು ತಾನೇ ಗಟ್ಟಿಯಾಗಿ ತಿರುಗಿಸಿ, ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದಳು.