ಅವ್ವನ ರಹದಾರಿ

ಅವ್ವ ಜೀಡಿಮೆಟ್ಲಾಕ್ಕೆ ಬಂದದ್ದು ಎಂಟು ದಿನ ಇದ್ದು ಹೋಗಲಿಕ್ಕೆ. ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸುವುದು, ವಾರ ಬಿಟ್ಟು ಡಾಕ್ಟರಿಗೆ ತೋರಿಸುವುದು, ಮರುದಿನ ಊರಿನ ಬಸ್ಸು ಹತ್ತುವುದು, ಇಷ್ಟೇ ಲೆಕ್ಕ. ಸಂಗಡ ಎರಡು ಸೀರೆ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಗಂಟು ಜೋಳದ ಹಿಟ್ಟು ತಂದಿದ್ದಳು. ಹಿಟ್ಟನ್ನು ಎಂಟು ದಿನಕ್ಕೇ ಅಳೆದು ಕಟ್ಟಿದ್ದಳು. ಅವ್ವನ ಅಳತೆ ತಪ್ಪುವುದಿಲ್ಲ. ಅದು 2020ರ ಮಾರ್ಚ್. ಆಕೆ ತಿರುಗಿ ನಮ್ಮೂರಿನ ಮಣ್ಣು ತುಳಿಯುವ ಹೊತ್ತಿಗೆ ಕೃತ್ತಿಕಾ ಮಳೆ ಕೂಡಿತ್ತು.

ನಮ್ಮೂರು ಹುಮನಾಬಾದಿನ ಹತ್ತಿರ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ದೊಡ್ಡ ರಸ್ತೆಯಲ್ಲಿ 150 ಕಿಲೋಮೀಟರಿನ ಆಸುಪಾಸು. ಪಟಾನ್‌ಚೆರುವಿನಲ್ಲಿ ಬಸ್ಸು ಹಿಡಿದರೆ ಮೂರು ತಾಸು. ಜಹೀರಾಬಾದ್ ದಾಟಿದ ಮೇಲೆ ಎಲ್ಲೋ ಒಂದು ಕಡೆ ಬೋರ್ಡಿನ ಅಕ್ಷರ ತೆಲುಗಿನಿಂದ ಕನ್ನಡಕ್ಕೆ ತಿರುಗುತ್ತಿತ್ತು. ಗಡಿ ಅಂದರೆ ನಮಗೆ ಅಷ್ಟೇ. ಬಸ್ಸಿನಲ್ಲಿ ನಿದ್ದೆ ಹತ್ತಿದವರಿಗೆ ಅದೂ ಇರಲಿಲ್ಲ.

ನಾನು ಷಾಪೂರ್‌ನಗರದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಕೆಲಸ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ, ಲೇಥ್ ಮಷೀನಿನ ಮೇಲೆ. ಗುಳಿಗೆ ಒತ್ತುವ ಯಂತ್ರಗಳಿಗೆ ಬೇಕಾಗುವ ಡೈ, ಪಂಚು ಕಡೆದು ಕೊಡುತ್ತಿದ್ದೆವು. ಜೀಡಿಮೆಟ್ಲಾ ಗೊತ್ತಿದ್ದವರಿಗೆ ಅಲ್ಲಿನ ವಾಸನೆಯೂ ಗೊತ್ತು. ಔಷಧಿ ಮಾಡುವವರು, ಪ್ಲಾಸ್ಟಿಕ್ ಕರಗಿಸುವವರು, ಎರಕ ಹೊಯ್ಯುವವರು ಎಲ್ಲರೂ ಮೈಗೆ ಮೈ ಹತ್ತಿ ಇರುವ ಜಾಗ. ಸಂಜೆ ಗಾಳಿ ತಿರುಗಿತೆಂದರೆ ಗಂಟಲಿಗೆ ಒಂದು ಥರ ಸಿಹಿಯಾದ ಕಹಿ ಹತ್ತುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅವ್ವ ಆ ಊರನ್ನು ಮೊದಲು ಮೂಗಿನಿಂದಲೇ ಕಂಡಳು. ಲಾಕ್‌ಡೌನ್ ಆಗಿ ಮೂರೋ ನಾಲ್ಕೋ ದಿನಕ್ಕೆ, "ತಮ್ಮಾ, ಇವತ್ತ ಗಾಳಿ ನಮ್ಮೂರಿಂದ ಬಂದಂಗದ ನೋಡು" ಅಂದಳು. ಮೇ ತಿಂಗಳಲ್ಲಿ ಒಂದು ರಾತ್ರಿ ಎದ್ದು ಕೂತು, "ಕಾರ್ಖಾನಿ ಚಾಲೂ ಆದ್ವು" ಅಂದಳು. ಮರುದಿನವೇ ಶೆಡ್ಡಿನಿಂದ ಫೋನು ಬಂತು.

ನಡುವಿನ ದಿನಗಳನ್ನು ಹೇಳದೆ ಮುಂದೆ ಹೋಗಬಾರದು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಅಂದು ಸಂಜೆಯೇ ತೆಲಂಗಾಣದಲ್ಲಿ ಲಾಕ್‌ಡೌನ್ ಅಂದರು. 25ರಿಂದ ದೇಶಕ್ಕೇ ಆಯಿತು. ಅವ್ವ ಹೊರಡಬೇಕಾದದ್ದು ಮಂಗಳವಾರ ಅಂತ ನನ್ನ ನೆನಪು. ಅಲ್ಲ, ಸೋಮವಾರ ಅಂತ ಆಕೆಯದು. ಹಿಟ್ಟು ಮಾತ್ರ ಶನಿವಾರ ರಾತ್ರಿಗೆ ಮುಗಿದಿತ್ತು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಹೊರಗಿನಿಂದ ಬಂದ ಕೂಲಿಕಾರರಿಗೆ ಅಲ್ಲಿನ ಸರಕಾರ ತಲೆಗೆ 12 ಕಿಲೋ ಅಕ್ಕಿ, 500 ರೂಪಾಯಿ ಕೊಟ್ಟಿತು. ನಮ್ಮ ಗಲ್ಲಿಯಲ್ಲಿದ್ದ ಒಡಿಶಾದ ಹುಡುಗನೊಬ್ಬ ತನ್ನ ಪಾಲಿನಲ್ಲಿ ಒಂದಿಷ್ಟು ಅವ್ವನ ಮುಂದೆ ತಂದಿಟ್ಟ. ಅವನಿಗೂ ಊರಲ್ಲಿ ಇಂಥದೇ ಒಬ್ಬ ತಾಯಿ ಇದ್ದಳಂತೆ. ಅವ್ವನಿಗೆ ಅನ್ನ ಅಂದರೆ ಊಟದ ಕಡೆಗೆ ಮಜ್ಜಿಗೆಯಲ್ಲಿ ಕಲಸಿಕೊಳ್ಳುವ ಒಂದು ತುತ್ತು. ಎರಡು ಹೊತ್ತೂ ಅದನ್ನೇ ಉಂಡು, "ಹೊಟ್ಟಿ ತುಂಬ್ತದ, ಕೈಗಿ ಕೆಲಸ ಇಲ್ಲ" ಅನ್ನುತ್ತಿದ್ದಳು. ಚಿಂತಲ್‌ನಲ್ಲಿ ಗಿರಣಿಯವನೊಬ್ಬ ಬೆಳಿಗ್ಗೆ ಒಂದು ತಾಸು ಅರ್ಧ ಶಟರ್ ಎತ್ತುತ್ತಾನೆಂದು ಯಾರೋ ಹೇಳಿದರು. ಹೋಗಿ ಜೊನ್ನ ಪಿಂಡಿ ಕೇಳಿ ತಂದೆ. ಅವ್ವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ, "ಹಳೀ ಜ್ವಾಳ, ಜಿಗಿ ಇಲ್ಲ" ಅಂತ ಕುದಿಯುವ ನೀರು ಹೊಯ್ದು ನಾದಿ, ನೆಲದ ಮೇಲೆ ತಾಟು ಬೋರಲು ಹಾಕಿ ಬಡಿಯಲು ಕೂತಳು. ಆ ಸಪ್ಪಳಕ್ಕೆ ಎದುರು ಕೋಣೆಯ ಯಾದಗಿರಿಯ ಹೆಣ್ಣುಮಗಳು ಬಾಗಿಲಿಗೆ ಬಂದು ನಿಂತಳು. ಏನೂ ಕೇಳಲಿಲ್ಲ, ಸುಮ್ಮನೆ ನಿಂತಳು. ಅಂದಿನಿಂದ ಇಬ್ಬರದೂ ಒಂದೇ ಒಲೆ. ಪುಂಡಿಪಲ್ಯಕ್ಕೆ ಮಾತ್ರ ಅಲ್ಲಿ ಬರವಿರಲಿಲ್ಲ. ಅಲ್ಲಿನವರ ಬಾಯಲ್ಲಿ ಅದು ಗೋಂಗೂರ, ಸೊಪ್ಪು ಅದೇ.

ಸುಚಿತ್ರಾ ಸರ್ಕಲ್ಲಿಗೆ ಹೋದರೆ ನಾಗಪುರದ ಕಡೆ ಹೋಗುವ ಹೆದ್ದಾರಿ. ಅದರ ಅಂಚಿನಲ್ಲಿ ಮಂದಿ ನಡೆಯುತ್ತಿದ್ದರು. ತಲೆಯ ಮೇಲೆ ಚೀಲ, ಕಂಕುಳಲ್ಲಿ ಕೂಸು, ಕೆಲವರ ಕಾಲಲ್ಲಿ ಹವಾಯಿ ಚಪ್ಪಲಿ, ಕೆಲವರಿಗೆ ಅದೂ ಇಲ್ಲ. ಎಲ್ಲಿಗೆ ಅಂದರೆ ಬಿಹಾರ, ಯುಪಿ ಅನ್ನುತ್ತಿದ್ದರು. ನಾನು ಮನೆಗೆ ಬಂದು ಹೇಳಿದ ರಾತ್ರಿ ಅವ್ವ ಉಣ್ಣಲಿಲ್ಲ. ಏಪ್ರಿಲ್ ಕೊನೆಗೆ ಸಂಗಾರೆಡ್ಡಿಯ ಹತ್ತಿರ ಕಂದಿಯಲ್ಲಿ ಐಐಟಿ ಕಟ್ಟಡದ ಕೂಲಿಕಾರರು ಊರಿಗೆ ಕಳಿಸಿರೆಂದು ಎದ್ದು ನಿಂತರು. ಮೇ 1ರ ಬೆಳಗಿನ ಜಾವ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಕ್ಕೆ 1200 ಮಂದಿಯ ರೈಲು ಹೊರಟಿತು. ಕೂಲಿಕಾರರಿಗಂತ ದೇಶದಲ್ಲಿ ಬಿಟ್ಟ ಮೊದಲ ರೈಲು ಅದು. ಅವ್ವ ಸುದ್ದಿ ಕೇಳಿ, "ಅಷ್ಟ ದೂರದೋರು ಹ್ವಾದ್ರು. ನಂದು ಮೂರ ತಾಸಿನ ದಾರಿ" ಅಂದಳು.

ಆಕೆಗೆ ಎರಡು ಚಿಂತೆ. ಎಮ್ಮೆ ತುಂಬು ಗಬ್ಬ ಇತ್ತು, ಈಯುವ ದಿನ ಹತ್ತಿರ ಬಂದಿತ್ತು. ಜೂನ್ ಮೊದಲ ವಾರ ಕಳೆದರೆ ಮಿರಗದ ಮಳೆ ಕೂಡುತ್ತದೆ, ಬಿತ್ತನೆಯ ಹೊತ್ತು. ಹೆಸರು, ಉದ್ದು, ತೊಗರಿಯ ಬೀಜ ಮಡಕೆಯಲ್ಲಿ ಬೂದಿ ಬೆರೆಸಿ ಇಟ್ಟವಳು ಆಕೆ. ಯಾವುದರಲ್ಲಿ ಯಾವುದು ಅಂತ ಮನೆಯಲ್ಲಿ ಮತ್ತೊಬ್ಬರಿಗೆ ಗೊತ್ತಿಲ್ಲ.

ಮೇ ಶುರುವಿನಲ್ಲಿ ಪಾಸು ಕೊಡುತ್ತಾರೆಂದು ಗೊತ್ತಾಯಿತು. ತೆಲಂಗಾಣ ಬಿಡಲಿಕ್ಕೆ ಅಲ್ಲಿನ ಪೊಲೀಸರ ಇ-ಪಾಸು, ಕರ್ನಾಟಕ ಹೊಗಲಿಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ. ಮನೆ ಮಾಲೀಕರ ಮಗ ಕೆಲವು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವನು, ಗಲ್ಲಿಯವರಿಗೆಲ್ಲ ಫೋನಿನಲ್ಲಿ ಅರ್ಜಿ ತುಂಬಿ ಕೊಡುತ್ತಿದ್ದ. ಅವನ ಬಾಯಲ್ಲಿ ಅದು ವೀಸಾ. ಒಂದು ಬಿಡುವ ವೀಸಾ, ಒಂದು ಹೊಗುವ ವೀಸಾ. ಅವ್ವ ಮಾತ್ರ ಮೊದಲ ದಿನದಿಂದಲೂ ರಹದಾರಿ ಅಂದಳು.

ಆ ಮಾತು ಆಕೆಗೆ ಬಂದದ್ದು ಅವರಪ್ಪನಿಂದ, ಅಂದರೆ ನನ್ನ ಮುತ್ಯಾನಿಂದ. ಮುತ್ಯಾ ನಿಜಾಮರ ಕಾಲದಲ್ಲಿ ಬಂಡಿ ಕಟ್ಟಿ ಸೊಲ್ಲಾಪುರದ ಪೇಟೆಗೆ ಹೋಗುತ್ತಿದ್ದವನು. ಸೊಲ್ಲಾಪುರ ಇಂಗ್ರೇಜಿಯವರದು. ಗಡಿಯಲ್ಲಿ ಕರೋಡಗಿರಿ ನಾಕಾ, ಮಾಲಿಗೆ ಸುಂಕ. ಆಚೆ ನಿಜಾಮರ ಹಾಲಿ ಸಿಕ್ಕಾ ನಡೆಯದು, ಇಂಗ್ರೇಜಿಯವರ ಕಲ್ದಾರ ರೂಪಾಯಿ ಬೇಕು. ಹೈದರಾಬಾದಿನ ಕಡೆ ಹೋಗಲಿಕ್ಕೆ ಅಂಥದೇನೂ ಇರಲಿಲ್ಲ, ಅದು ನಮ್ಮದೇ ರಾಜಧಾನಿ. ಜಹೀರಾಬಾದ್ ಆಗ ಬೀದರ ಜಿಲ್ಲೆಯಲ್ಲೇ ಇತ್ತು. 1948ರಲ್ಲಿ ನಿಜಾಮರ ಕಾಲ ಮುಗಿದ ಮೇಲೆ ಸೊಲ್ಲಾಪುರದ ದಿಕ್ಕಿನ ಆ ಗಡಿ ಅಳಿಸುತ್ತ ಬಂತು, 1956ರ ನವೆಂಬರಿನಲ್ಲಿ ಹೈದರಾಬಾದಿನ ದಿಕ್ಕಿಗೆ ಹೊಸ ಗೆರೆ ಎಳೆದರು. ಆ ಗೆರೆಯ ಮೇಲೆ ನಿಂತವರು ಲಾರಿಯವರು ಮಾತ್ರ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅವರ ತೆರಿಗೆ ನಾಕಾವೂ ಹೋಯಿತು. ಅವ್ವ ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಯಾರೂ ಆಕೆಯನ್ನು ತಡೆದು ಯಾವೂರು ಅಂತ ಕೇಳಿರಲಿಲ್ಲ.

ಮೊದಲು ಮಾತಾಡಿದ ಕಾರಿನವನ ಮನೆಯಲ್ಲಿ ಯಾರಿಗೋ ಜ್ವರ ಬಂತು. ಕಾರು ಬದಲಾದರೆ ನಂಬರು ಬದಲು, ನಂಬರು ಬದಲಾದರೆ ಪಾಸು ನಡೆಯದು. ತಿರುಗಿ ಅರ್ಜಿ. ಆ ಕಡೆಯ ಪಾಸು ಕೈಗೆ ಬರುವಷ್ಟರಲ್ಲಿ ಈ ಕಡೆಯದರ ದಿನ ಮುಗಿದಿತ್ತು. ಈ ಕಡೆಯದನ್ನು ಹೊಸದು ಮಾಡಿಸುವಾಗ ಆ ಕಡೆಯದಕ್ಕೆ ಎರಡೇ ದಿನ ಉಳಿದಿತ್ತು. ಮೂರು ಸಲ ಆಯಿತೋ ನಾಲ್ಕು ಸಲವೋ. ಫೋನು ಟಣ್ ಅಂದರೆ ಅವ್ವ ಹನಿ ಹಾಕಿಸಿಕೊಂಡ ಕಣ್ಣು ಮುಚ್ಚಿಕೊಂಡೇ, "ಬಂತೇನು ರಹದಾರಿ?" ಅಂತ ಕೇಳುವಳು. ಕಡೆಗೊಂದು ರಾತ್ರಿ ಎರಡೂ ಒಂದೇ ದಿನಕ್ಕೆ ಕೂಡಿದವು.

ಕಾರು ಷಾಪೂರ್‌ನಗರದ ಒಬ್ಬ ಭಾಯಿಯದು. ರಮಜಾನ್ ನಡೆದಿತ್ತು, ರೋಜಾ ಹಿಡಿದಿದ್ದ. ಕಡಿಮೆ ಮಾತಿನ ಮನುಷ್ಯ, ಹಿಂದಿನ ಸೀಟನ್ನು ಬೇವಿನ ಸೊಪ್ಪು ಹಾಕಿದ ನೀರಿನಿಂದ ಒರೆಸಿ ತಂದಿದ್ದ. ಅವ್ವ ಆಪರೇಶನ್ನಿನ ಕಪ್ಪು ಕನ್ನಡಕ ಹಾಕಿಕೊಂಡು, ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮಿಯಾಪುರ, ಪಟಾನ್‌ಚೆರು, ಕಂದಿ, ಸದಾಶಿವಪೇಟೆ. ಆ ರಸ್ತೆಯನ್ನು ಅಷ್ಟು ಖಾಲಿಯಾಗಿ ನಾನು ಹಿಂದೆ ಕಂಡಿರಲಿಲ್ಲ. ಭಾಯಿಯ ಎದುರು ನೀರು ಕುಡಿಯಲು ನನಗೆ ಸಂಕೋಚ. ಅವನೇ ಕನ್ನಡಿಯಲ್ಲಿ ನೋಡಿ, "ಅಮ್ಮಾಕೋ ಪಾನಿ ಪಿಲಾವ್, ಧೂಪ್ ಬಹುತ್ ಹೈ" ಅಂದ.

ಆ ದಾರಿಯ ಬಗ್ಗೆ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ ಹಿರಿಯರೊಬ್ಬರು. ಚಿಕಿತ್ಸೆಗೆ ಹೈದರಾಬಾದಿಗೆ ಒಯ್ದು, ತಿರುಗಿ ತರುವಾಗ ನಡುದಾರಿಯಲ್ಲಿ ಹೋದರು. ಯಾರಿಂದಲೋ ಕೇಳಿ ತಿಳಿದಿದ್ದ ಅವ್ವ ಜಹೀರಾಬಾದಿನ ಹತ್ತಿರ, "ಇದೇ ದಾರ್ಯಾಗೇನು?" ಅಂದಳು. ಹೂಂ ಅಂದೆ. ಎರಡೂ ಕೈ ಜೋಡಿಸಿದಳು.

ಚಿರಾಗ್‌ಪಲ್ಲಿಯ ಆಚೆ ಗಡಿ. ಡ್ರಮ್ಮು, ಬ್ಯಾರಿಕೇಡು, ಬಿಳಿ ಶಾಮಿಯಾನ, ಎರಡು ಕಡೆ ಎರಡು ಬಣ್ಣದ ಪೊಲೀಸ್ ಟೋಪಿ. ಮುಂದೆ ನಿಂತ ಗಾಡಿಗಳನ್ನು ಎಣಿಸಲು ಹೋಗಿ ಬಿಟ್ಟೆ. ಮಾರ್ಚಿನಲ್ಲಿ ಕೇರಳದ ಗಡಿಯ ತಲಪಾಡಿಯ ಸುದ್ದಿ ಓದಿದ್ದು ನೆನಪಾಯಿತು. ಕಾಸರಗೋಡಿನವರ ಆಸ್ಪತ್ರೆಯ ದಾರಿಯೆಂದರೆ ಮಂಗಳೂರಿನದು. ಅಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು, ಆಂಬುಲೆನ್ಸುಗಳು ನಿಂತವು, ಚಿಕಿತ್ಸೆ ಸಿಗದೆ ಜೀವ ಹೋದವು. ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲೂ ಕನ್ನಡದವರೇ, ಗೆರೆಯ ಎರಡೂ ಬದಿಗೆ ಬೀಗರು, ನೆಂಟರು. ನಮಗೆ ಪಾಸಾದರೂ ಇತ್ತು.

ಭಾಯಿ ಗಡಿ ದಾಟಿದರೆ ಅವನೂ ಕ್ವಾರಂಟೈನು. ಮನೆಯಲ್ಲಿ ಸಣ್ಣ ಮಕ್ಕಳು. ಹಾಗಾಗಿ ಅವನು ಇತ್ತಲೇ ಉಳಿಯುವುದು, ನಾವು ನಡೆದು ದಾಟುವುದು. ಹೊತ್ತು ಇಳಿಯುತ್ತಾ ಬಂದಂತೆ ಪಡುವಣದಲ್ಲಿ ಮೋಡ ಕಪ್ಪಾಯಿತು. ಮಳೆ ಹೊಡೆದದ್ದು ಹಣೆಗೆ ಟೆಂಪರೇಚರ್ ಗನ್ನು ಹಿಡಿಯುವ ಮೊದಲೋ ಆಮೇಲೋ ಈಗ ಹೇಳಲಾರೆ. ಶಾಮಿಯಾನ ಎದ್ದು ಗಳ ಸಮೇತ ಹೊಲಕ್ಕೆ ಹೋಯಿತು. ಹಾಳೆಗಳು ಹಾರಿದವು. ಆ ಕಡೆಯ ಒಬ್ಬ ಪೊಲೀಸ್ ಹುಡುಗ ಬಂದು ಅವ್ವನ ಕೈ ಹಿಡಿಯಲು ಚಾಚಿ, ಮುಟ್ಟಬಾರದೆಂದು ನೆನಪಾಗಿ ಹಿಂದೆಗೆದು, ತನ್ನ ಲಾಠಿಯ ಇನ್ನೊಂದು ತುದಿಯನ್ನು ಆಕೆಗೆ ಹಿಡಿಯಲು ಕೊಟ್ಟ. ಅವ್ವ ಅದನ್ನು ಹಿಡಿದು ಗೆರೆ ದಾಟಿದಳು. "ಯಾವೂರು ಅಮ್ಮಾ?" ಅಂತ ಅವನು ಕನ್ನಡದಲ್ಲಿ ಕೇಳಿದ. ಅವ್ವ ಊರಿನ ಹೆಸರು ಹೇಳುವಾಗ ಧ್ವನಿ ಒಡೆಯಿತು.

ದಾಟಿದ ಮೇಲೆ ಆಕೆಗೆ ರೊಟ್ಟಿಯ ಗಂಟಿನ ನೆನಪು. ಬೇಕೆಂದೇ ಕಾರಿನಲ್ಲಿ ಬಿಟ್ಟಿದ್ದಳು. ಮಳೆಯಲ್ಲಿ ಹಿಂದೆ ತಿರುಗಿ, ಡ್ರಮ್ಮುಗಳ ಆಚೆ ನಿಂತ ಭಾಯಿಗೆ ಕೂಗಿದಳು: "ರೋಟಿ ಖಾಲೇ ರೇ ಬೇಟಾ! ಹಿಂಡಿ ಭೀ ಹೈ!" ಅವನು ಕೈ ಎತ್ತಿದ. ಇಫ್ತಾರಿನ ಹೊತ್ತು ಆಗಿತ್ತು.

ಬಸ್ಸಿನಲ್ಲಿ ಕೂಡಿಸಿ ಎಡಗೈಗೆ ಮುದ್ರೆ ಒತ್ತಿ ನಮ್ಮನ್ನು ಒಯ್ದದ್ದು ಊರಿನ ಶಾಲೆಗೆ. ಊರ ಬಾಯಲ್ಲಿ ಮಾರ್ಚಿನಲ್ಲಿ ಅಡ್ಡ ಎಳೆದ ಜಾಲಿಮುಳ್ಳು ಇನ್ನೂ ಬದಿಗೆ ಬಿದ್ದಿತ್ತು. ಶಾಲೆಯ ಪಡಸಾಲೆಯಿಂದ ನೋಡಿದರೆ ನಮ್ಮ ಮನೆಯ ಮಾಳಿಗೆ, ಮಾಳಿಗೆಯ ಮೇಲೆ ಒಣಹಾಕಿದ ಕುಳ್ಳು. 14 ದಿನ. ಮನೆಯಲ್ಲಿದ್ದ ಚಿಕ್ಕಮ್ಮ, ನಮ್ಮ ಕಾಕು, ಮೂರು ಹೊತ್ತು ಬುತ್ತಿ ತಂದು ಗೇಟಿನ ಹೊರಗಿನ ಕಲ್ಲಿನ ಮೇಲಿಟ್ಟು ದೂರ ಸರಿದು ನಿಲ್ಲುವಳು. ಅವ್ವ ಅಲ್ಲಿಂದಲೇ ಮಡಕೆಗಳ ಲೆಕ್ಕ ಹೇಳುವಳು, ಬಾಯಿ ಒಡೆದದ್ದರಲ್ಲಿ ಉದ್ದು, ಕರಿಯದರಲ್ಲಿ ತೊಗರಿ. ಒಂದು ನಸುಕಿನಲ್ಲಿ ಎಮ್ಮೆ ಒದರಿದ್ದು ಕೇಳಿ ಎದ್ದು ಕೂತಳು. "ಈಯ್ಲತ್ತದ" ಅಂದಳು. ಸರಳು ಹಿಡಿದು ಬೆಳಕು ಹರಿಯುವ ತನಕ ನಿಂತಳು. ಕಾಕು ಓಡಿ ಬಂದು ಗೇಟಿನಿಂದಲೇ ಕೂಗಿದಳು: ಹೆಣ್ಣುಗರು. ಗಿಣ್ಣ ಬಂತು ಮಧ್ಯಾಹ್ನ, ಯಾಲಕ್ಕಿ ಹಾಕಿ, ಬೆಲ್ಲ ಸ್ವಲ್ಪ ಹೆಚ್ಚಾಗಿ. ಶಾಲೆಯಲ್ಲಿದ್ದ ಹದಿನೇಳೋ ಹದಿನೆಂಟೋ ಜನಕ್ಕೂ ಒಂದೊಂದು ತುಣುಕು.

ಮಿರಗಕ್ಕೆ ನಾವು ಮನೆಯಲ್ಲಿದ್ದೆವು. ಬಿತ್ತನೆಯೂ ಆಯಿತು.

ನಾನು ಜೀಡಿಮೆಟ್ಲಾಕ್ಕೆ ತಿರುಗಿ ಹೋದದ್ದು ಬಸ್ಸುಗಳು ಓಡಾಡಲು ಶುರುವಾದ ಮೇಲೆ. ಒಂದು ಸಂಜೆ ಭಾಯಿ ಕೋಣೆಗೆ ಬಂದ. ಕೈಯಲ್ಲಿ ಅವ್ವನ ರೊಟ್ಟಿಯ ಬಟ್ಟೆ, ಒಗೆದು ಮಡಿಸಿದ್ದು, ನಡುವೆ ಒಂದು ಹಿಡಿ ಖರ್ಜೂರ. ನಮ್ಮ ಕಡೆ ಹೇಗೋ ಅವರ ಮನೆಯಲ್ಲೂ ಹಾಗೇ, ಬುತ್ತಿಯ ಬಟ್ಟೆಯನ್ನು ಬರಿದೇ ತಿರುಗಿಸಬಾರದು. ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಕರುವಿನ ಕೊರಳ ಗಂಟೆ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅವ್ವ ಕೇಳಿದಳು:

"ನಾ ಕಟ್ಟಿದ್ದು ಎಂಟು ರೊಟ್ಟಿ. ಅವತ್ತ ಎಲ್ಲಾ ತಿಂದ್ನಂತೇನು ಅಂವ?"