ಬಲೆ ಹೊದ್ದ ದ್ರಾಕ್ಷಿ

ಟೆಂಟ್ ಹಾಕುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ ಎಂದು ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು. ಅಣ್ಣ ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಕಂಬಿ ಜೋಡಿಸುತ್ತಿದ್ದ, ಗಾಳಿ ಅದನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಅದುವರೆಗೆ ಕಾರಿಗೆ ಒರಗಿ ನಿಂತಿದ್ದ ಅಪ್ಪ ಬಂದು, ಗೂಟವನ್ನು ಓರೆಯಾಗಿ ಹೊಡೆದು, ಹಗ್ಗ ಎಳೆದು, ಬೆರಳಲ್ಲಿ ಒಮ್ಮೆ ಮೀಟಿ ನೋಡಿದ. ಪಡದಲ್ಲಿ ತಂತಿ ಬಿಗಿದ ಮೇಲೆ ಹಾಗೇ ಮೀಟುತ್ತಿದ್ದ. ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮದು ವಿಜಯಪುರ ಜಿಲ್ಲೆ. ದ್ರಾಕ್ಷಿ ತೋಟಕ್ಕೆ ಅಲ್ಲಿ ಪಡ ಅನ್ನುತ್ತಾರೆ. ನಮ್ಮ ಎರಡು ಎಕರೆ ಥಾಮ್ಸನ್ ಸೀಡ್‌ಲೆಸ್ ಪಡವನ್ನು ನಾಲ್ಕು ವರ್ಷದ ಹಿಂದೆ ಜೆಸಿಬಿ ಹಚ್ಚಿ ಕಿತ್ತಿಸಿದೆವು. ಏಳನೆಯ ಬೋರೂ ಒಣಗಿತ್ತು, ಎರಡು ಬೇಸಿಗೆ ಟ್ಯಾಂಕರ್ ನೀರು ಹಾಕಿ ಸಾಲ ಬೆಳೆದಿತ್ತು. ಕಿತ್ತುಬಿಡು ಎಂದು ಹೇಳಿದವರು ನಾವಿಬ್ಬರು, ಅಣ್ಣ ಪರ್ತ್‌ನಿಂದ, ನಾನು ಧಾರವಾಡದ ಹಾಸ್ಟೆಲಿನಿಂದ. ಕೀಳುವ ದಿನ ಇಬ್ಬರೂ ಊರಲ್ಲಿರಲಿಲ್ಲ. ಸಂಜೆ ಫೋನ್ ಮಾಡಿ ಅಪ್ಪ "ಆತು" ಎಂದಷ್ಟೇ ಹೇಳಿದ್ದ.

ಹೀಗಿರುವಾಗ ಅಣ್ಣ ಮಾರ್ಚ್ ಮೊದಲ ವಾರದ ಮೂರು ದಿನದ ರಜೆಗೆ ಮಾರ್ಗರೆಟ್ ರಿವರ್ ಆರಿಸಿದ್ದು ಹೇಗೆ ಎಂದು ಈಗಲೂ ನನಗೆ ಸೋಜಿಗ. ಸಮುದ್ರ ಇದೆ, ಕಾಡು ಇದೆ, ಅವ್ವ ಅಪ್ಪ ಇಷ್ಟು ದೂರ ಬಂದಾರ, ಮಗನಿಗೂ ಕ್ಯಾಂಪಿಂಗ್ ಆಗ್ತದ ಅಂದಿದ್ದ. ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್. ಕಡೆಯ ಅರ್ಧ ಗಂಟೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯೇ.

ಕಾರಿನಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಬರುವ ಮೊದಲು ಓದಿಕೊಂಡಿದ್ದೆನಲ್ಲ! 1960ರ ದಶಕದ ನಡುವಿನವರೆಗೆ ಇದು ದನ ಮೇಯಿಸುವ, ಮರ ಕಡಿಯುವ ಸೀಮೆ. ಜಾನ್ ಗ್ಲ್ಯಾಡ್‌ಸ್ಟೋನ್ಸ್ ಎಂಬ ಕೃಷಿ ವಿಜ್ಞಾನಿ ಇಲ್ಲಿನ ಹವೆಯನ್ನೂ ಮಣ್ಣನ್ನೂ ಫ್ರಾನ್ಸಿನ ಬೋರ್ಡೊ ಸೀಮೆಯ ಜೊತೆ ಹೋಲಿಸಿ, ವೈನ್ ದ್ರಾಕ್ಷಿಗೆ ಇದು ತಕ್ಕ ಜಾಗ ಎಂದು ಪ್ರಬಂಧ ಬರೆದ. ಅದನ್ನು ನೆಚ್ಚಿ ಟಾಮ್ ಕಲಿಟಿ ಎಂಬ ಹೃದಯ ವೈದ್ಯ 1967ರಲ್ಲಿ ವಾಸ್ ಫೀಲಿಕ್ಸ್ ತೋಟ ಹಚ್ಚಿದ. ಒಂದು ಸಂಶೋಧನಾ ಪ್ರಬಂಧ ಊರನ್ನೇ ಬದಲಿಸಿದ ಕತೆಯನ್ನು ಪಿಎಚ್‌ಡಿ ಮಾಡುವವರು ಹೇಳದೆ ಬಿಡುವುದುಂಟೆ.

ಅಪ್ಪ ಪೂರ್ತಿ ಕೇಳಿದ. ಆಮೇಲೆ, "ಅಂವ ಹಚ್ಚೂಕಿಂತ ಮೊದಲ ಬರ್ದ. ನೀವು ಕಿತ್ತಿದ ಮ್ಯಾಲ ಬರೀತೀರಿ" ಅಂದ.

ನನ್ನ ಸಂಶೋಧನೆ ಅಂತರ್ಜಲ ಮತ್ತು ರೈತರ ಸಾಲದ ಮೇಲೆ. ನನ್ನ ಮೂರನೆಯ ಅಧ್ಯಾಯದಲ್ಲಿ ಏನಿದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಕಾರಿನಲ್ಲಿ ಉಳಿದ ದಾರಿಗೆ ನಾನು ಬಾಯಿ ತೆರೆಯಲಿಲ್ಲ.

ಕ್ಯಾಂಪಿನ ಜಾಗ ರಾಷ್ಟ್ರೀಯ ಉದ್ಯಾನದೊಳಗೆ, ಪೆಪ್ಪರ್‌ಮಿಂಟ್ ಮರಗಳ ನಡುವೆ. ಎಲೆ ಉಜ್ಜಿದರೆ ಪುದೀನಾದಂಥ ವಾಸನೆ. ಬೇಸಿಗೆ ಮುಗಿದಿರಲಿಲ್ಲವಾದ್ದರಿಂದ ಸೌದೆ ಉರಿಸುವಂತಿಲ್ಲ, ಗ್ಯಾಸ್ ಒಲೆಯೇ ಗತಿ. ಅವ್ವ ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಿ, ಅಧಿಕಾರಿಯ ಮುಂದೆ ಗಂಟು ಬಿಚ್ಚಿ ತೋರಿಸಿ ದಾಟಿಸಿದ್ದ ಕಡಕ್ ರೊಟ್ಟಿಯನ್ನು ವೈನಿ ಮಾಡಿದ ಝುಣಕದ ಜೊತೆ ತಿಂದೆವು. ಮರಳು ಎಲ್ಲದರಲ್ಲೂ ಇತ್ತು, ಝುಣಕದಲ್ಲೂ.

ಮರುದಿನ ಒಂದು ವೈನರಿಗೆ ಹೋದೆವು. ನಮ್ಮ ಮನೆಯಲ್ಲಿ ಕುಡಿಯುವವರಿಲ್ಲ. ತೋಟ ನೋಡುವುದಕ್ಕೆ ಎಂದು ಅಣ್ಣ ಹೇಳಿದ. ಆದರೆ ತೋಟದೊಳಗೆ ಕಾಲಿಡುವಂತಿಲ್ಲ ಎಂಬ ಫಲಕ ಮೊದಲ ಸಾಲಿನ ಕಂಬಕ್ಕೇ ಇತ್ತು. ಬೇರು ತಿನ್ನುವ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತ್ತು, ಪಶ್ಚಿಮ ಆಸ್ಟ್ರೇಲಿಯಾಕ್ಕೆ ಇನ್ನೂ ಬಂದಿಲ್ಲ. ಬೂಟಿನ ಮಣ್ಣಿನಲ್ಲೂ ಅದು ಬರಬಹುದು. ಪ್ರವಾಸಿಗರು ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಒಳಗೆ ವೈನ್ ರುಚಿ ನೋಡಲು ಹೋಗುತ್ತಿದ್ದರು. ಅಪ್ಪ ಚಪ್ಪಲಿಯ ತಳ ಒಮ್ಮೆ ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅಲ್ಲಿಂದಲೇ ಎಲ್ಲವನ್ನೂ ಓದತೊಡಗಿದ.

ಡ್ರಿಪ್ ಪೈಪು ನಮ್ಮಂತೆಯೇ ತಂತಿಗೆ ಕಟ್ಟಿತ್ತು. ಚಪ್ಪರವಿಲ್ಲ, ಬೇಲಿಯ ಹಾಗೆ ನೆಟ್ಟಗೆ ಹಬ್ಬಿಸಿದ ಸಾಲು. ವರ್ಷಕ್ಕೆ ಒಂದೇ ಚಾಟ್ನಿ, ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದಾಗ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಕತ್ತರಿ ಹಾಕಬೇಕು. ಸಾಲುಗಳ ಮೇಲೆ ಬಿಳಿ ಬಲೆ ಹೊದಿಸಿದ್ದರು. ಕಣ್ಣ ಸುತ್ತ ಬಿಳಿ ಉಂಗುರವಿರುವ ಸಿಲ್ವರ್‌ಐ ಎಂಬ ಪುಟ್ಟ ಹಕ್ಕಿಯ ಕಾಟಕ್ಕೆ. ಕಾಡಿನ ಮ್ಯಾರಿ ಮರ ಚೆನ್ನಾಗಿ ಹೂಬಿಟ್ಟ ವರ್ಷ ಹಕ್ಕಿಗಳು ಜೇನಿಗಾಗಿ ಅತ್ತ ಹೋಗುತ್ತವೆ, ಹೂ ಕಡಿಮೆಯಾದರೆ ದ್ರಾಕ್ಷಿಗೆ ಬೀಳುತ್ತವೆ ಎಂದು ಅಲ್ಲಿನ ಕೆಲಸಗಾರನೊಬ್ಬ ಹೇಳಿದ. ಅಣ್ಣ ಅನುವಾದಿಸಿದ. ಅಪ್ಪನಿಗೆ ಇದು ಬಹಳ ಹಿಡಿಸಿತು. "ಗಿಡಾ ಕಡೀಲಿಲ್ಲಲ್ಲ, ಶಾಣ್ಯಾ ಮಂದಿ" ಅಂದ.

ಆ ಕೆಲಸಗಾರ ಇವನು ದ್ರಾಕ್ಷಿ ಬೆಳೆದವನು ಎಂದು ಗುರುತಿಸಿರಬೇಕು. ಕೊಯ್ದ ಪೆಟ್ಟಿಗೆಯಿಂದ ಒಂದು ಗೊನೆ ತಂದು ಕೈಗಿಟ್ಟ. ಶಾರ್ಡೊನೆ. ಕಾಯಿ ಬಟಾಣಿಯಷ್ಟು. ಕಾಯಿ ಉದ್ದವಾಗಲಿ, ದಪ್ಪವಾಗಲಿ ಎಂದು ಒಂದೊಂದು ಗೊನೆಯನ್ನೂ ಜಿ.ಎ. ದ್ರಾವಣದಲ್ಲಿ ಅದ್ದಿದ ಕೈ ಅದು. ವೈನಿಗೆ ಸಣ್ಣ ಕಾಯಿಯೇ ಬೇಕು, ರುಚಿ ಬಣ್ಣ ಎಲ್ಲ ಸಿಪ್ಪೆಯಲ್ಲಿರುತ್ತದೆ ಎಂದು ತಿಳಿದಾಗ ಅಪ್ಪ ಜೋರಾಗಿ ನಕ್ಕ. ಒಂದು ಕಾಯಿ ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳಿ, ಮೊಮ್ಮಗನಿಗೆ ತೋರಿಸಿದ. ಅಂಗಡಿಯ ದ್ರಾಕ್ಷಿಯಷ್ಟೇ ತಿಂದು ಗೊತ್ತಿದ್ದ ಹುಡುಗ ಅದೇನು ಕಲ್ಲು ಎಂದು ಕೇಳಿದ.

"ಇಲ್ಲಿ ಮಳಿ ಎಷ್ಟಂತ ಕೇಳು" ಎಂದ ಅಪ್ಪ.

ಸುಮಾರು 1000 ಮಿಲಿಮೀಟರ್, ಹೆಚ್ಚಾಗಿ ಚಳಿಗಾಲದಲ್ಲಿ. ನಮ್ಮಲ್ಲಿ 600ರ ಆಸುಪಾಸು, ಅದೂ ಬಂದರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾವಿರ ಬಿದ್ರ ಯಾರರ ಬೆಳೀತಾರ" ಅಂದ. ಇದನ್ನು ಅಣ್ಣ ಅನುವಾದಿಸಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಮುದ್ರದ ಸದ್ದು ಟೆಂಟಿನ ಬಟ್ಟೆಯ ಆಚೆಯೇ ಇದ್ದಂತೆ. ಬೆಳಗಿನ ಜಾವ ಅಪ್ಪ ಎದ್ದು ಹೋದದ್ದು ಕೇಳಿ ನಾನೂ ಎದ್ದೆ. ಸುಣ್ಣಕಲ್ಲಿನ ದಿಬ್ಬದ ಮೇಲೆ ಶಾಲು ಹೊದ್ದು ಕೂತಿದ್ದ, ಕೆಳಗೆ ಹಿಂದೂ ಮಹಾಸಾಗರ. ಪಕ್ಕದಲ್ಲಿ ಕೂತೆ.

"ಅಪ್ಪಾ, ನಮ್ಮ ಪಡದ ಬಗ್ಗೆ ನನ್ನ ಪ್ರಬಂಧದಾಗ ಬರದೀನಿ."

"ನನ್ನ ಹೆಸರ ಹಾಕೀಯೇನು?"

"ಇಲ್ಲ. ರೈತ 14 ಅಂತ ಹಾಕೀನಿ."

"ಏನಂತ ಬರದಿ?"

ಹೇಳಿದೆ. ಬೋರುಗಳ ಆಳ, ಕೊರೆಸಿದ ವರ್ಷ, ಸಾಲದ ಮೊತ್ತ. ಕೊನೆಯ ಕಾಲಂ ನಷ್ಟದ ಕಾರಣ, ಅದರಲ್ಲಿ ಮೂರೇ ಪದ: ಬೆಳೆ ಆಯ್ಕೆಯ ತಪ್ಪು. ಸುತ್ತಲಿನವರು ಹಚ್ಚಿದರೆಂದು ಒಣಸೀಮೆಯಲ್ಲಿ ನೀರು ಬೇಡುವ ಬೆಳೆ ಹಚ್ಚಿದ್ದು. ಅದು ಸುಳ್ಳೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಹೇಳುವಾಗ ನನ್ನ ದನಿ ನನಗೇ ಬ್ಯಾಂಕಿನವರ ದನಿಯ ಹಾಗೆ ಕೇಳಿಸಿತು.

ಅಪ್ಪ ಸಿಟ್ಟಾಗಲಿಲ್ಲ. ಕೈಯಲ್ಲಿ ಏನೋ ಉರುಳಿಸುತ್ತಿದ್ದ, ನಿನ್ನೆಯ ಬೀಜ.

"ಹದಿನೆಂಟ ವರ್ಷ ಬೆಳದೀನಿ ಅಂತ ಬರದೀಯೋ ಇಲ್ಲೋ, ತಂಗಿ?" ಎಂದು ಕೇಳಿದ.

ಬರೆದಿರಲಿಲ್ಲ. ಹದಿನೆಂಟರಲ್ಲಿ ಹದಿನೈದು ವರ್ಷ ಆ ಪಡವೇ ಅಣ್ಣನ ಇಂಜಿನಿಯರಿಂಗ್ ಫೀಸು, ನನ್ನ ಹಾಸ್ಟೆಲಿನ ಫೀಸು ಕಟ್ಟಿತ್ತು. ನನ್ನ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಕುತ್ತೇನೆ ಎಂದೆ. ಅಪ್ಪ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಬೀಜವನ್ನು ಜೇಬಿಗಿಡಲು ಹೋದವನು ಫಲಕ ನೆನಪಾಯಿತೇನೋ, ಕಾಗದದಲ್ಲಿ ಸುತ್ತಿ ಕಸದ ಚೀಲಕ್ಕೆ ಹಾಕಲು ನನ್ನ ಕೈಗೆ ಕೊಟ್ಟ.

ಕೆಳಗಿನಿಂದ ಅವ್ವ ಚಹಾ ಆತು ಎಂದು ಕೂಗಿದಳು.